ಕೋಡ್ ಕೇಳಿದ್ದು ಗೆಳತಿಯೇ ಅಲ್ವಾ ಅಂತ ಕೊಟ್ಟೆ

ಪ್ರಶ್ನೆ: ಹಾಸನದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ, ಹಾಸ್ಟೆಲಿನಲ್ಲಿದ್ದೇನೆ. ಮೊನ್ನೆ ಗೆಳತಿಯ ನಂಬರಿನಿಂದ ‘ನನ್ನ ಕೋಡ್ ತಪ್ಪಿ ನಿನ್ನ ಫೋನಿಗೆ ಬಂದಿದೆ, ಕಳಿಸೇ’ ಅಂತ ವಾಟ್ಸಾಪ್ ಬಂತು. ಕಳಿಸಿದೆ. ಐದೇ ನಿಮಿಷಕ್ಕೆ ನನ್ನ ವಾಟ್ಸಾಪ್ ಹೋಯಿತು. ಆಮೇಲೆ ನನ್ನ ಹೆಸರಲ್ಲಿ ಚಿಕ್ಕಪ್ಪನಿಗೆ ‘ಅರ್ಜೆಂಟ್, 2,000 ಹಾಕಿ’ ಅಂತ ಹೋಗಿದೆ, ಅವರು ಹಾಕಿಯೂ ಬಿಟ್ಟಿದ್ದಾರೆ. ಮನೆಯಲ್ಲಿ ಹೇಗೆ ಹೇಳಲಿ? – ಹೆಸರು ಬೇಡ

ಉತ್ತರ: ಮೊದಲು ಮನೆಯಲ್ಲಿ ಹೇಳಿ, ಇವತ್ತೇ. ದುಡ್ಡು ಹೋಗಿರೋದು ಚಿಕ್ಕಪ್ಪನದು, ಹಾಗಾಗಿ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಅವರೇ ಫೋನ್ ಮಾಡಬೇಕು. ತಡವಾದಷ್ಟೂ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ. (ಪತ್ರಿಕೆ ಅಚ್ಚಾಗೋವರೆಗೆ ಕಾಯೋ ವಿಷಯ ಅಲ್ಲ ಅಂತ ನಿಮಗೆ ಮೇಲ್‌ನಲ್ಲೂ ಬರೆದಿದ್ದೇನೆ.)

ಇನ್ನು ವಾಟ್ಸಾಪ್. ನಿಮ್ಮ ನಂಬರ್ ಹಾಕಿ ಮತ್ತೆ ರಿಜಿಸ್ಟರ್ ಮಾಡಿ, ಎಸ್ಸೆಮ್ಮೆಸ್ಸಿನಲ್ಲಿ ಬರುವ 6 ಅಂಕಿ ಒತ್ತಿದ ಕೂಡಲೇ ಕಳ್ಳ ಹೊರಗೆ ಬೀಳುತ್ತಾನೆ. ಅಷ್ಟರಲ್ಲಿ ಅವನು ಟೂ-ಸ್ಟೆಪ್ ಪಿನ್ (ಎಸ್ಸೆಮ್ಮೆಸ್ ಕೋಡ್ ಆದ ಮೇಲೆ ವಾಟ್ಸಾಪ್ ಕೇಳುವ ಇನ್ನೊಂದು ಗುಟ್ಟಿನ ಸಂಖ್ಯೆ) ಇಟ್ಟುಬಿಟ್ಟಿದ್ದರೆ ನೀವು 7 ದಿನ ಕಾಯಬೇಕಾಗುತ್ತದೆ, ಆದರೆ ಆ 7 ದಿನ ಅವನಿಗೂ ಒಳಗೆ ಜಾಗ ಇಲ್ಲ. ವಾಪಸ್ ಸಿಕ್ಕ ಮೇಲೆ ವಾಟ್ಸಾಪಿನಲ್ಲೇ ಇರುವ ‘ಲಿಂಕ್ಡ್ ಡಿವೈಸಸ್’ (ನಿಮ್ಮ ವಾಟ್ಸಾಪ್ ಬೇರೆ ಎಲ್ಲೆಲ್ಲಿ ತೆರೆದಿದೆ ಅನ್ನೋ ಪಟ್ಟಿ) ತೆರೆದು ನಿಮ್ಮದಲ್ಲದ್ದನ್ನೆಲ್ಲ ಕಿತ್ತುಹಾಕಿ, ನಿಮ್ಮದೇ ಪಿನ್ ಇಡಿ.

ನೀವು ಕಳಿಸಿದ ಕೋಡ್ ಗೆಳತಿಯದಲ್ಲ, ನಿಮ್ಮದೇ ವಾಟ್ಸಾಪಿನ ಬೀಗದ ಕೈ. ಬ್ಯಾಂಕಿನ ಒಟಿಪಿ ಆಗಿದ್ದರೆ ಗೆಳತಿಗೂ ಕೊಡುತ್ತಿರಲಿಲ್ಲ, ಅಲ್ವಾ? ಕಾಲೇಜು ಮಕ್ಕಳ ಪತ್ರಗಳಲ್ಲಿ ನಾನು ಜಾಸ್ತಿ ನೋಡೋದು ಇದನ್ನೇ. ದುಡ್ಡಿನ ಒಟಿಪಿ ಅಂದರೆ ಹುಷಾರು, ವಾಟ್ಸಾಪಿನದು ಅಂದರೆ ಸುಮ್ನೆ ಒಂದು ಕೋಡ್. ಯಾರಿಗೂ ಕೊಡಬೇಡಿ ಅಂತ ಆ ಮೆಸೇಜಿನಲ್ಲೇ ಬರೆದಿರುತ್ತದೆ, ಓದುವವರು ಯಾರು! ಗೆಳತಿಯನ್ನು ಬೈಯಬೇಡಿ, ಅವರ ವಾಟ್ಸಾಪ್ ನಿಮಗಿಂತ ಮೊದಲೇ ಕಳ್ಳನ ಕೈ ಸೇರಿತ್ತು. ಮಾಮೂಲಿ ಕಾಲ್ ಮಾಡಿ ‘ಏನೇ ಇದು’ ಅಂತ ಕೇಳಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಫೋಟೋವನ್ನು ಇನ್‌ಸ್ಟಾಗ್ರಾಂ ಸ್ಟೋರಿಗೆ ಹಾಕಿದ್ದಾನೆ. ‘ಅಕೌಂಟ್ ಪ್ರೈವೇಟ್ ಇದೆ ಅಮ್ಮ, ಏನೂ ಆಗಲ್ಲ’ ಅನ್ನುತ್ತಾನೆ. – ಒಬ್ಬ ತಾಯಿ, ಶಿರಸಿ

ಉತ್ತರ: ಫಾಲೋವರ್ಸ್ ಎಷ್ಟು ಅಂತ ಕೇಳಿ ನೋಡಿ. 800 ಅಂದರೆ ಅದು ಮದುವೆ ಛತ್ರ ಆಯ್ತು. ಅಂಕಪಟ್ಟಿಯಲ್ಲಿ ಅವನ ಪೂರ್ತಿ ಹೆಸರು, ನಿಮ್ಮ ಹೆಸರು, ಹುಟ್ಟಿದ ದಿನ, ರಿಜಿಸ್ಟರ್ ನಂಬರ್ ಎಲ್ಲ ಇರುತ್ತದೆ. ಸ್ಟೋರಿ 24 ಗಂಟೆಗೆ ಹೋಗುತ್ತದೆ, ಯಾರೋ ತೆಗೆದಿಟ್ಟ ಸ್ಕ್ರೀನ್‌ಶಾಟ್ ಹೋಗಲ್ಲ. ಅಂಕ ಬಂದ ಖುಷಿ ಹಂಚಿಕೊಳ್ಳಲಿ, ಬೇಡ ಅನ್ನಬೇಡಿ. ಮೊತ್ತ ಕಾಣುವಷ್ಟು ಬಿಟ್ಟು ಉಳಿದದ್ದನ್ನು ಕ್ರಾಪ್ ಮಾಡಿ ಹಾಕಲಿ.