ನೋಯದ ಗಂಟಿಗೆ ದವಾಖಾನೆ ಯಾಕೆ?

ಪ್ರಶ್ನೆ: ನನಗೆ 47 ವರ್ಷ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತೇನೆ. ಎರಡು ತಿಂಗಳ ಹಿಂದೆ ಸ್ನಾನ ಮಾಡುವಾಗ ಎಡ ಸ್ತನದಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಹತ್ತಿತು. ನೋವಿಲ್ಲ. ‘ನೋಯದ ಗಂಟಿಗೆ ದವಾಖಾನೆ ಯಾಕೆ?’ ಎನ್ನುತ್ತಾರೆ ಅತ್ತೆ. ಸೂಜಿ ಚುಚ್ಚಿದರೆ ರೋಗ ಹಬ್ಬುತ್ತದೆ ಎಂದು ಓಣಿಯವರು ಹೆದರಿಸುತ್ತಾರೆ. ಸುಗ್ಗಿ ಮುಗಿದ ಮೇಲೆ ತೋರಿಸಿದರೆ ನಡೆಯುತ್ತದೆಯೇ?
– ಹೆಸರು ಬೇಡ, ಬ್ಯಾಡಗಿ

ಉತ್ತರ: ನಡೆಯುವುದಿಲ್ಲ ತಾಯಿ. ಒಂದು ದಿನದ ಪಗಾರ ಹೋದರೆ ಹೋಗಲಿ, ಈ ವಾರವೇ ಹೊರಡಿ.

ನಿಮ್ಮ ಅತ್ತೆಯವರ ಮಾತನ್ನು ಹುಬ್ಬಳ್ಳಿಯ ನನ್ನ ಕೋಣೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸ್ತನ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಮುಟ್ಟಿಗೆ ಮುಂಚೆ ಎರಡೂ ಕಡೆ ನೋಯುತ್ತದೆ ಎಂದು ಬಂದವರಿಗಿಂತ, ನೋವಿಲ್ಲದ ಗಟ್ಟಿ ಗಂಟು ಇಟ್ಟುಕೊಂಡು ಬಂದವರ ಬಗ್ಗೆಯೇ ನನಗೆ ಚಿಂತೆ ಹೆಚ್ಚು. ಕಳೆದ ವರ್ಷ ರೋಣದ ಕಡೆಯ ಅಜ್ಜಿಯೊಬ್ಬರು ಎಂಟು ತಿಂಗಳು ಅರಿಶಿನಕ್ಕೆ ಸುಣ್ಣ ಕಲಸಿ ಹಚ್ಚಿಕೊಂಡು ಬಂದಿದ್ದರು. ಕುಪ್ಪಸದ ಒಳಬದಿಯೆಲ್ಲ ಕೆಂಪು ಕಲೆ. ಅಷ್ಟರಲ್ಲಿ ಬಗಲಲ್ಲೂ ಗಂಟೆದ್ದಿತ್ತು. ‘ನೋಯಲಿಲ್ಲವಲ್ಲ ಡಾಕ್ಟರವ್ವಾ’ ಎಂದರು.

ಹೆದರಬೇಡಿ, ಸ್ತನದಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಅದನ್ನು ಪರೀಕ್ಷೆ ಹೇಳಬೇಕು, ಓಣಿಯಲ್ಲ. ನಿಮ್ಮ ವಯಸ್ಸಿಗೆ ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ), ಜೊತೆಗೆ ಸ್ಕ್ಯಾನಿಂಗ್ ಮಾಡುತ್ತಾರೆ. ಸಂಶಯ ಉಳಿದರೆ ಸೂಜಿಯಿಂದ ಚೂರು ತೆಗೆದು ನೋಡುತ್ತಾರೆ. ಅದರಿಂದ ಕ್ಯಾನ್ಸರ್ ಹಬ್ಬುತ್ತದೆ ಎಂಬುದು ಸುಳ್ಳು. ಮ್ಯಾಮೊಗ್ರಾಂ ಸರಿಯಿದೆ ಎಂದು ಬಂದರೂ ಗಂಟು ಕೈಗೆ ಸಿಗುತ್ತಿದ್ದರೆ ಅಲ್ಲಿಗೇ ಬಿಡಬೇಡಿ. ಮೊದಲು ಹಾವೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ಮುಂದೆ ಬೇಕಾದರೆ ಹುಬ್ಬಳ್ಳಿ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೇ ಇದೆ. ಪರೀಕ್ಷೆಯ ದಿನ ಪೌಡರ್ ಹಚ್ಚಬೇಡಿ. ಗಂಟಿನ ಜಾಗಕ್ಕೆ ಮನೆಯಲ್ಲೇ ಪೆನ್ನಿನಿಂದ ಗುರುತು ಹಾಕಿಕೊಳ್ಳಿ. ಸಣ್ಣ ಗಂಟು ಮಲಗಿದಾಗ ಬೆರಳಿಗೆ ಸಿಗದೆ ಸತಾಯಿಸುವುದುಂಟು. (ಮೆಣಸಿನಕಾಯಿ ಬಿಡಿಸಿದ ಕೈಯಿಂದ ಮಾತ್ರ ತಡಕಬೇಡಿ!)

ಗಂಟಿಲ್ಲದವರಿಗೂ ಒಂದು ಮಾತು. ಸರ್ಕಾರದ ತಪಾಸಣೆ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಕೈಯಿಂದ ಏನು ತಿಳಿಯುತ್ತದೆ ಎನ್ನಬೇಡಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 20 ವರ್ಷ ನಡೆಸಿದ ಅಧ್ಯಯನದಲ್ಲಿ, ತರಬೇತಾದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಹೀಗೆ ಪರೀಕ್ಷಿಸಿದ್ದಕ್ಕೇ 50 ದಾಟಿದವರಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಶೇ 30ರಷ್ಟು ಇಳಿಯಿತು.

ಹಾವೇರಿಗೆ ಹೊರಟಾಗ ಅತ್ತೆಯವರನ್ನೂ ಬಸ್ ಹತ್ತಿಸಿ. ಅವರನ್ನೂ ಒಮ್ಮೆ ಪರೀಕ್ಷಿಸಲಿ.