ವಿಂಡೋಸ್ ಹೊಸದಾಗಿ ಹಾಕಿಕೊಂಡ ಮೇಲೆ ‘ಆ್ಯಕ್ಟಿವೇಟ್ ಆಗಿಲ್ಲ’ ಎಂದು ಏಕೆ ತೋರಿಸುತ್ತದೆ?

ಇಂಟರ್ನೆಟ್ ಸಂಪರ್ಕ ಸರಿಯಿದ್ದೂ ಹೀಗಾಗುತ್ತಿದ್ದರೆ, ಸಾಮಾನ್ಯವಾಗಿ ಮೊದಲಿದ್ದ ಆವೃತ್ತಿಯ ಬದಲು ಬೇರೆಯದು (ಹೋಮ್ ಇದ್ದಲ್ಲಿ ಪ್ರೊ) ಸ್ಥಾಪನೆಯಾಗಿರುತ್ತದೆ, ಇಲ್ಲವೇ ಮದರ್‌ಬೋರ್ಡ್ (ಕಂಪ್ಯೂಟರಿನ ಮುಖ್ಯ ಸರ್ಕ್ಯೂಟ್ ಬೋರ್ಡ್) ಬದಲಾಗಿರುತ್ತದೆ.

ವಿಂಡೋಸ್ 10 ಮತ್ತು 11ರ ಡಿಜಿಟಲ್ ಲೈಸೆನ್ಸ್ ನಿಮ್ಮ ಡಿಸ್ಕಿನಲ್ಲಿ ಇರುವುದಿಲ್ಲ. ಬಿಡಿಭಾಗಗಳ, ಅದರಲ್ಲೂ ಮುಖ್ಯವಾಗಿ ಮದರ್‌ಬೋರ್ಡಿನ, ವಿವರಗಳಿಂದ ರೂಪಿಸಿದ ಗುರುತಿನೊಂದಿಗೆ ಅದು ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ ದಾಖಲಾಗಿರುತ್ತದೆ. ಆದ್ದರಿಂದಲೇ ಡಿಸ್ಕನ್ನು ಪೂರ್ತಿ ಅಳಿಸಿ ಅದೇ ಆವೃತ್ತಿಯನ್ನು ಹಾಕಿದರೆ, ಕೀ (ಲೈಸೆನ್ಸಿನ ಸಂಕೇತಾಕ್ಷರಗಳು) ಕೇಳಿದಾಗ ‘ನನ್ನ ಬಳಿ ಕೀ ಇಲ್ಲ’ ಎಂದು ಮುಂದುವರಿದರೂ, ನೆಟ್ ಸಿಕ್ಕ ಮೇಲೆ ಅದು ತಾನಾಗಿಯೇ ಆ್ಯಕ್ಟಿವೇಟ್ ಆಗುತ್ತದೆ. ಹೋಮ್‌ಗೆ ದಾಖಲಾದ ಲೈಸೆನ್ಸ್ ಮಾತ್ರ ಪ್ರೊಗೆ ನಡೆಯುವುದಿಲ್ಲ.

ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್ ಪುಟದಲ್ಲಿ ಮೊದಲು ಆವೃತ್ತಿಯ ಹೆಸರನ್ನು ನೋಡಿ. ಅದು ತಪ್ಪಾಗಿದ್ದರೆ ಸರಿಯಾದುದನ್ನು ಮತ್ತೆ ಹಾಕುವುದೇ ನೇರ ದಾರಿ. ಮದರ್‌ಬೋರ್ಡ್ ಬದಲಾಗಿದ್ದರೆ ಅದೇ ಪುಟದಲ್ಲಿರುವ, ದೋಷ ಹುಡುಕಿ ಸರಿಪಡಿಸುವ ಟ್ರಬಲ್‌ಶೂಟರ್‌ನಲ್ಲಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದ್ದೇನೆ ಎಂಬ ಆಯ್ಕೆಯನ್ನು ಒತ್ತಿ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ಪಟ್ಟಿಯಲ್ಲಿ ನಿಮ್ಮ ಯಂತ್ರವನ್ನು ಆರಿಸಿಕೊಳ್ಳಬೇಕು. ಲೈಸೆನ್ಸನ್ನು ಮೊದಲೇ ಆ ಖಾತೆಗೆ ಜೋಡಿಸಿದ್ದರೆ ಮಾತ್ರ ಇದು ಫಲಿಸುತ್ತದೆ (ಭಾಗ ಬದಲಿಸುವ ಮುನ್ನ ಯಾರೂ ಇದನ್ನು ನೆನೆಯುವುದಿಲ್ಲವೆನ್ನುವುದು ಬೇರೆ ಮಾತು). ಪ್ರತ್ಯೇಕವಾಗಿ ಕೊಂಡ ರಿಟೇಲ್ ಲೈಸೆನ್ಸನ್ನು ಬೇರೆ ಯಂತ್ರಕ್ಕೆ ಒಯ್ಯಬಹುದು. ಕಂಪ್ಯೂಟರಿನ ಜೊತೆಗೇ ಬಂದ ಒಇಎಂ ಲೈಸೆನ್ಸ್‌ಗೆ ಆ ಅವಕಾಶವಿಲ್ಲ.