ಕರ್ನಾಟಕ ಸಂಗೀತದ ಪಿಟೀಲು ಕಲಿತವರು ಮೈಸೂರಿನಲ್ಲಿ ಹವ್ಯಾಸಿ ಆರ್ಕೆಸ್ಟ್ರಾ ಸೇರಬಹುದಾ?

ಖಂಡಿತ ಸೇರಬಹುದು. ಅರಮನೆಯಲ್ಲೇ ಕರ್ನಾಟಕ, ಪಾಶ್ಚಾತ್ಯ ಎರಡೂ ಬ್ಯಾಂಡ್ ಇದ್ದ ಊರಿದು, ಅಲ್ವಾ? ಆದರೆ ಕೈ ಹೊಸದಾಗಿ ಪಳಗಬೇಕು. ನಮ್ಮಲ್ಲಿ ತಂತಿಗಳನ್ನು ಸ-ಪ-ಸ-ಪ ಅಂತ ಹಾಡುವವರ ಶ್ರುತಿಗೆ ಹೊಂದಿಸುತ್ತೇವೆ. ಆರ್ಕೆಸ್ಟ್ರಾದಲ್ಲಿ ಜಿ, ಡಿ, ಎ, ಇ ಎಂಬ ಪಾಶ್ಚಾತ್ಯ ಸ್ವರಗಳೇ ಖಾಯಂ. ಸಾಮಾನ್ಯವಾಗಿ ಓಬೋ ಎಂಬ ಊದುವ ವಾದ್ಯ ಕೊಡುವ 440 ಹರ್ಟ್ಸ್ ಆಸುಪಾಸಿನ 'ಎ'ಗೆ ಎಲ್ಲರೂ ಶ್ರುತಿ ಸೇರಿಸುತ್ತಾರೆ. ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸುವ ಹಾಗಿಲ್ಲ, ಕುರ್ಚಿಯಲ್ಲಿ ಕೂತು ಗದ್ದ-ಭುಜದ ನಡುವೆ ಹಿಡಿಯಬೇಕು.

ನಿಜವಾದ ಕಷ್ಟ ಗಮಕ, ಅಂದರೆ ಸ್ವರವನ್ನು ಅಲುಗಿಸಿ ನುಡಿಸೋದು, ಬಿಡೋದು. ಎಲ್ಲರೂ ಒಂದೇ ಸ್ವರ ನುಡಿಸುವಾಗ ಒಬ್ಬರು ಅಲುಗಿಸಿದರೂ ನಾದ ಕಲಸಿಹೋಗುತ್ತದೆ. ಕಮಾನು ಕೂಡ ಎಲ್ಲರದೂ ಒಂದೇ ದಿಕ್ಕಿಗೆ ಹೋಗಬೇಕು. ಪಾಶ್ಚಾತ್ಯ ನೊಟೇಷನ್ (ಸ್ವರಲಿಪಿ) ಓದಲು ದಿನಾ ಅರ್ಧ ಗಂಟೆ ಕೂತ್ಕೊಳ್ಳಿ. ಶುರುವಿನಲ್ಲಿ ಎರಡನೇ ವಯಲಿನ್ ಸಾಲು ಕೇಳಿ ತಗೊಳ್ಳಿ, ಅಲ್ಲಿ ತಾರಸ್ಥಾಯಿಯ ಓಡಾಟ ಕಡಿಮೆ.